ಎಡಗಡೆಯ ಪೆಡಲು

ರಬ್ಬರು ಸವೆದಿತ್ತು. ಮೇಸ್ತ್ರಿ ಅದನ್ನು ಪೆಡಲಿನಿಂದ ಕಿತ್ತು, ಗ್ರೀಸು ಮೆತ್ತಿದ ಅಂಗೈಯ ಮೇಲಿಟ್ಟು ಬೆಳಕಿಗೆ ಹಿಡಿದ. ಗೆರೆಗೆರೆಯಾಗಿ ಇರಬೇಕಾದದ್ದು ನಡುವೆ ನುಣ್ಣಗಾಗಿ, ಒಂದು ಮೂಲೆಯಲ್ಲಿ ಹರಿದೇ ಹೋಗಿತ್ತು. "ಇದು ನಿಮ್ಮ ಕಡೇದು ಮೇಡಮ್ಮ," ಎಂದ. "ಡ್ರೈವರ್ ಕಡೇದು ನೋಡಿ, ಮೊನ್ನೆ ಹಾಕಿದ ಹಾಗಿದೆ."

ಅವಳು ಕೈಚಾಚಲಿಲ್ಲ. ಮುಟ್ಟಿದರೆ ಒಪ್ಪಿಕೊಂಡಂತಾಗುತ್ತದೆ ಎನ್ನಿಸಿತು. ಏನನ್ನು ಎನ್ನುವುದು ಮಾತ್ರ ಹೊಳೆಯಲಿಲ್ಲ. "ಕಾಲು ಇಟ್ಕೊಂಡೇ ಕೂತಿರ್ತೀನಲ್ಲ, ಸವೆಯದೆ ಇನ್ನೇನು," ಎಂದಳು. ಮೇಸ್ತ್ರಿ ರಬ್ಬರನ್ನು ತಿರುಗಿಸಿ ನೋಡಿದ. "ಸುಮ್ನೆ ಇಟ್ಟ ಕಾಲಿಗೆ ಹಿಮ್ಮಡಿ ಕೆಳಗಿನ ಮ್ಯಾಟು ಸವೀತದೆ. ರಬ್ಬರು ಸವೆಯೋದು ಒತ್ತಿದ್ರೇನೇ. ನನಗ್ಯಾಕೆ ಬಿಡಿ, ಹೊಸದು ಹಾಕ್ಕೊಡ್ತೀನಿ." ಆ 'ನನಗ್ಯಾಕೆ ಬಿಡಿ' ಅವಳ ಕಿವಿಯಲ್ಲಿ ಕೂತುಬಿಟ್ಟಿತು. ಇಪ್ಪತ್ತು ವರ್ಷ ಬಸ್ಸುಗಳ ಹೊಟ್ಟೆಯ ಕೆಳಗೇ ಮಲಗಿ ಬದುಕಿದ ಮನುಷ್ಯ, ಒಂದು ಮಾತು ಹೆಚ್ಚಿಗೆ ಆಡಿದವನಲ್ಲ. ಅಂಥವನು, ನಾಳೆ ಕಲಿಯುವವನ ಪರೀಕ್ಷೆ ಎನ್ನುವಾಗ, ಯಾರೂ ಹೇಳದೆ ಅವಳ ಪೆಡಲಿನ ಹತ್ತಿರ ಬಗ್ಗಿದ್ದೇಕೆ? ಯಾರು ಬಗ್ಗು ಎಂದರು? ಅವಳ ಕಣ್ಣು ಗೇಟಿನ ಪಕ್ಕದ ಕಿಟಕಿಯತ್ತ ಹೊರಳಿತು. ಅದರೊಳಗೆ ಎಲ್ಲರೂ ಬೆಣ್ಣೆ ಎಂದು ಕರೆಯುವವನು ತಲೆ ತಗ್ಗಿಸಿಕೊಂಡು ಚೀಟಿ ಹರಿಯುತ್ತಿದ್ದ. ತಲೆ ತಗ್ಗಿಸಿದವರನ್ನು ಕಂಡರೆ ಅವಳಿಗೆ ಈಚೆಗೆ ನಂಬಿಕೆಯಿಲ್ಲ. ಮುಖ ಮುಚ್ಚಿಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇನ್ನೇನಿದೆ?

ಸಿಟಿ ಬಸ್ಸುಗಳಿಗೆ ಚಾಲಕರನ್ನು ತಯಾರು ಮಾಡುವ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಕಲಿಯುವವನ ಎಡಕ್ಕೆ, ಎಂಜಿನ್ ಪೆಟ್ಟಿಗೆಯ ಆಚೆ ಅವಳ ಸೀಟು. ಸೀಟಿನ ಮುಂದೆ ಇನ್ನೊಂದು ಬ್ರೇಕು. ಇದನ್ನೊತ್ತಿದರೆ ಅವನ ಬ್ರೇಕೂ ಜೊತೆಗೆ ಇಳಿಯುತ್ತದೆ. ಅವನು ಒತ್ತಿದರೆ ಇದು ಅಲುಗುವುದಿಲ್ಲ. ಜೀವಕ್ಕೆ ಕುತ್ತು ಬಂದಾಗ ಮಾತ್ರ ಒತ್ತಬೇಕು. ಎಷ್ಟು ಸಲ ಒತ್ತಿದೆ ಎನ್ನುವುದನ್ನು ದಿನದ ಹಾಳೆಯ ಕೊನೆಯ ಕಾಲಮ್ಮಿನಲ್ಲಿ ಬರೆಯಬೇಕು. ಆ ಕಾಲಮ್ಮು ಅವಳೇ ಹಾಕಿಸಿದ್ದು. ಬರೆದದ್ದು ಸುಳ್ಳೆಂದು ತಿಳಿದರೆ ಕಲಿಸಿದ ಮೂವತ್ತು ದಿನವೂ ರದ್ದು, ಕಲಿಯುವವನಿಗೆ ಮತ್ತೆ ಮೂವತ್ತು ದಿನ, ಕಲಿಸಿದವನು ಆ ಸೀಟಿನಲ್ಲಿ ಇನ್ನು ಕೂರುವಂತಿಲ್ಲ ಎನ್ನುವ ನಿಯಮವೂ ಅವಳದೇ. ಕಳೆದ ವರ್ಷ ಆ ನಿಯಮಕ್ಕೆ ಮೊದಲು ಸಿಕ್ಕಿ, ಸೀಟು ಕಳೆದುಕೊಂಡು ಗೇಟಿನ ಕಿಟಕಿಗೆ ಬಿದ್ದವನು ಬೆಣ್ಣೆ. ಯಾರ ಕಷ್ಟ ಕೇಳಿದರೂ ಕರಗುತ್ತಾನೆಂದು ಅವನಿಗೆ ಆ ಹೆಸರು. ಅವನ ಬಸ್ಸಿನಲ್ಲಿ ಕಲಿಯುವವರ ಜೊತೆ ಅವರ ಮನೆಮಂದಿಯ ಕಾಯಿಲೆ ಕಸಾಲೆಯೆಲ್ಲ ಸವಾರಿ ಮಾಡುತ್ತಿದ್ದವು. ಅವಳು ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು ಅವನ ಪಾದದ ಗಿಣ್ಣನ್ನೇ ನೋಡಿದಳು. ತಿರುವು ತಿರುವಿಗೂ ಅದು ಬಾಗುತ್ತಿತ್ತು. ಹಾಳೆಯಲ್ಲಿ ಸೊನ್ನೆಗಳ ಸಾಲು. "ಗೊತ್ತಾಗ್ಲಿಲ್ಲ ಮೇಡಂ, ದೇವರಾಣೆ," ಎಂದಿದ್ದ. "ಕಾಲು ನಿಂದು. ಗೊತ್ತಾಗದೆ ಇರುತ್ತಾ?" ಎಂದು ಅವಳು ಕೇಳಿದ್ದಳು, ಧ್ವನಿ ಏರಿಸದೆ. ಧ್ವನಿ ಏರಿಸದೆ ಮಾತಾಡುವುದು ತನಗೆ ಒಲಿದ ವಿದ್ಯೆ ಎಂದು ಅವಳಿಗೆ ಆಗ ಒಂದು ಹೆಮ್ಮೆಯಿತ್ತು. ಆಮೇಲೆ ಉಳಿದ ಬಸ್ಸುಗಳ ಎಡ ಪೆಡಲಿಗೆಲ್ಲ ಗಂಟೆ ಕಟ್ಟಿಸಿದಳು, ಒತ್ತಿದರೆ ಕಿಣಿ ಎನ್ನುವಂಥದ್ದು. ತನ್ನ ಬಸ್ಸಿಗೆ ಬೇಡ ಎಂದಳು. ಮೇಸ್ತ್ರಿ ಉಳಿದ ತಂತಿ ಸುತ್ತಿಕೊಂಡು ಹೋದ.

ಏಳನೆಯವನು ಆಗಲೇ ಬಂದು ಸ್ಟೇರಿಂಗನ್ನು ಮನೆಯಿಂದ ತಂದ ಬಟ್ಟೆಯಲ್ಲಿ ಒರೆಸುತ್ತಿದ್ದ. ಕಲಿಯುವವರನ್ನು ಅವಳು ಹೆಸರು ಹಿಡಿದು ಕರೆಯುವುದಿಲ್ಲ. ಹೆಸರಿನ ಹಿಂದೆ ಮನೆ ಬರುತ್ತದೆ, ಮನೆಯ ಹಿಂದೆ ಅಳು. ಇವನು ಏಳು. ವಯಸ್ಸು ನಲವತ್ತು, ಈ ಸಲ ಪಾಸಾಗದಿದ್ದರೆ ವಯಸ್ಸಿನ ಮಿತಿ ದಾಟುತ್ತದೆ, ಮತ್ತೆ ಅರ್ಜಿ ಹಾಕುವಂತಿಲ್ಲ. ಮೊದಲು ಹೊಲಿಗೆ ಅಂಗಡಿ ಇತ್ತಂತೆ. ಇಷ್ಟು ಅವಳಿಗೆ ಗೊತ್ತಾದದ್ದು ಫಾರ್ಮಿನಿಂದ. ಎರಡನೆಯ ವಾರ ಅವನು, "ಮೇಡಮ್ನೋರೇ, ನಮ್ಮ ಮನೆಯವಳಿಗೆ ಮಣಿಕಟ್ಟು..." ಎಂದು ಶುರು ಮಾಡಿದ್ದ. "ಇಲ್ಲಿ ರಸ್ತೆ ಮಾತು ಮಾತ್ರ," ಎಂದಿದ್ದಳು. ಅವನು ಅಷ್ಟಕ್ಕೇ ಬಾಯಿಗೆ ಬೀಗ ಹಾಕಿಕೊಂಡ. ಅಷ್ಟು ಬೇಗ ಸುಮ್ಮನಾದದ್ದು ಅವಳಿಗೆ ಅನುಮಾನ ತಂದಿತ್ತು. ನಿಜವಾದ ಕಷ್ಟವಿದ್ದವನು ಇನ್ನೊಂದು ಸಲವಾದರೂ ಪ್ರಯತ್ನಿಸುತ್ತಿದ್ದ. ಅದೇ ವಾರ ಇನ್ನೊಂದು ನಡೆಯಿತು. ಅವನ ದೃಷ್ಟಿ ರಸ್ತೆಯಿಂದ ಜಾರಿ ಆಗಾಗ ಅವಳ ಪಾದದ ಮೇಲೆ ಬೀಳುತ್ತಿತ್ತು. ಮಾರನೆಯ ದಿನದಿಂದ ಅವಳು ಚಪ್ಪಲಿ ಬಿಟ್ಟು, ಮುಚ್ಚಿದ ಬೂಟು ಹಾಕಿಕೊಂಡು ಬರತೊಡಗಿದಳು.

"ಹೊರಡೋಣವಾ ಮೇಡಮ್ನೋರೇ?"

"ಕನ್ನಡಿ?"

"ನೋಡ್ದೆ."

"ಏನು ಕಾಣಿಸ್ತು?"

"ಮೇಸ್ತ್ರಿ ನಮ್ಮನ್ನೇ ನೋಡ್ತಾ ನಿಂತಿದಾರೆ."

ಅವಳು ಕನ್ನಡಿ ನೋಡಲಿಲ್ಲ. ಬಸ್ಸು ಗೇಟು ದಾಟಿತು. ಇವತ್ತು ತನ್ನ ಕಾಲನ್ನು ತಾನೇ ಕಾಯುವುದೆಂದು ನಿರ್ಧರಿಸಿ ಮೈಯೆಲ್ಲ ಕಣ್ಣಾಗಿ ಕೂತಳು. ಹೊಸ ರಬ್ಬರಿನ ಮೇಲೆ ಬೂಟು ಸಾಧುವಾಗಿ ಕೂತಿತ್ತು. ಸಿಗ್ನಲ್ಲು, ಶಾಲೆಯ ಮುಂದಿನ ಗೆರೆ, ತರಕಾರಿ ಗಾಡಿ, ಬೂಟು ಅಲುಗಲಿಲ್ಲ. ನೋಡಿದೆಯಾ, ಎಂದುಕೊಂಡಳು, ಯಾರಿಗೋ ಹೇಳುವಂತೆ. ಆದರೆ ಅಷ್ಟರಲ್ಲಿ ಒಬ್ಬಳು ಮುದುಕಿ ಚೀಲ ಹಿಡಿದು ರಸ್ತೆಗಿಳಿದಳು, ಬೂಟು ಕಾಯುತ್ತಿದ್ದ ಕಣ್ಣು ಮೇಲೆದ್ದು ಮುದುಕಿಯನ್ನು ಹಿಡಿಯಿತು, ಬಸ್ಸು ಮೆತ್ತಗೆ, ಬಲು ಮೆತ್ತಗೆ ನಿಂತಿತು. ಮುದುಕಿ ದಾಟಿದಳು. ಯಾರು ನಿಲ್ಲಿಸಿದರು? ಕೆಳಗೆ ನೋಡಿದಾಗ ಬೂಟು ಮೊದಲಿದ್ದಲ್ಲೇ ಇತ್ತು, ಏನೂ ಅರಿಯದ ಮುಖ ಮಾಡಿಕೊಂಡು. ಕಣ್ಣಿದ್ದಾಗ ಸಾಧು, ಕಣ್ಣು ತಪ್ಪಿದಾಗ? ತನ್ನ ಕಾಲನ್ನೇ ಹೀಗೆ ಕಳ್ಳನಂತೆ ಕಾಯಬೇಕಾಗಿ ಬಂದದ್ದಕ್ಕೆ ಅವಳಿಗೆ ಅವಮಾನವಾಯಿತು. ಅವಳು ಶಾಲೆಯಲ್ಲಿದ್ದಾಗ ಅಪ್ಪ ಹೀಗೇ ಕೂತಿರುತ್ತಿದ್ದರು, ಮೊದಲನೆಯ ಸಾಲಿನಲ್ಲಿ, ಎರಡು ಕೈಯೂ ಮೊಣಕಾಲ ಮೇಲೆ. ಸಂಜೆ ದೀಪ ಹಚ್ಚಿ ಅವರು ರಾಗವಾಗಿ ಪದ್ಯ ಓದುತ್ತಿದ್ದರು, ಅವಳು ಕೇಳಿ ಕೇಳಿ ಕಲಿತಳು, ಶಾಲೆಯ ವೇದಿಕೆಯ ಮೇಲೆ ಒಂದೂ ತಪ್ಪದೆ ಒಪ್ಪಿಸಿ ಮೂರು ವರ್ಷ ಬಹುಮಾನ ತಂದಳು. ನಾಲ್ಕನೆಯ ವರ್ಷ ಅಪ್ಪನಿಗೆ ಜ್ವರ. ವೇದಿಕೆಯ ಮೇಲೆ ನಿಂತು ಎರಡು ಸಾಲು ಹೇಳಿ ಮೂರನೆಯದಕ್ಕೆ ಮೊದಲ ಸಾಲಿನ ಕುರ್ಚಿಯತ್ತ ನೋಡಿದಳು. ಅಲ್ಲಿ ಯಾರೋ ದಪ್ಪನೆಯ ಹೆಂಗಸು ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಪದ್ಯ ಬರಲಿಲ್ಲ. ಪದ್ಯ ಯಾವತ್ತೂ ತನಗೆ ಬಂದಿರಲಿಲ್ಲ ಎಂದು, ಪ್ರತಿ ಸಾಲಿಗೂ ಮುಂಚೆ ಅಪ್ಪನ ತುಟಿ ಮೊದಲ ಅಕ್ಷರದ ಆಕಾರಕ್ಕೆ ತಿರುಗುತ್ತಿತ್ತೆಂದು ಆವತ್ತು ಹೊಳೆಯಿತೋ, ಈಗ ಹೊಳೆಯುತ್ತಿದೆಯೋ. ಮನೆಗೆ ಬಂದು ಹೇಳಿದಾಗ ಅಪ್ಪ ಕಂಬಳಿಯೊಳಗಿಂದ, "ನಾನೇನು ಮಾಡಿದೆನಮ್ಮ? ಸುಮ್ಮನೆ ಕೂತಿರ್ತಿದ್ದೆನಲ್ಲ," ಎಂದಿದ್ದರು. ಅವರಿಗೂ ಗೊತ್ತಿರಲಿಲ್ಲ.

"ಎಡಕ್ಕಾ ಮೇಡಮ್ನೋರೇ?" ಎಂದ ಏಳನೆಯವನು.

"ಎಡಕ್ಕೆ," ಎಂದಳು.

ಮಧ್ಯಾಹ್ನ ಸ್ಟಾಫ್ ರೂಮಿಗೆ ಕಾಲಿಡುತ್ತಿದ್ದಂತೆ ಮಾತು ನಿಂತಿತು. ಬೇರೆ ದಿನವೂ ನಿಲ್ಲುತ್ತಿತ್ತು. ಬೆನ್ನ ಹಿಂದೆ ತನ್ನನ್ನು ಸ್ಕೇಲು ಎನ್ನುತ್ತಾರೆಂದು ಅವಳಿಗೆ ಗೊತ್ತು, ಅದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ, ನೇರ ಎನ್ನುವ ಅರ್ಥವೂ ಅದರಲ್ಲಿತ್ತಲ್ಲ. ಆದರೆ ಇವತ್ತಿನ ಮೌನಕ್ಕೆ ಅಂಚಿತ್ತು. ಮೀಸೆ ಎಂದು ಕರೆಯಿಸಿಕೊಳ್ಳುವ ಹಿರಿಯ ತರಬೇತುದಾರ ತನ್ನ ಡಬ್ಬಿಯ ಮುಚ್ಚಳ ತಿರುಪುತ್ತ, ಯಾರನ್ನೂ ನೋಡದೆ, "ಮೂರನೇ ನಂಬರ್ ಬಸ್ಸಿಗೆ ಹೊಸ ಚಪ್ಪಲಿ ಬಂತಂತೆ," ಎಂದ. ಪಕ್ಕದವನು ನೀರು ಕುಡಿಯುತ್ತಿದ್ದವನು ಕೆಮ್ಮಿದ. ಮೂರನೇ ನಂಬರ್ ಅವಳ ಬಸ್ಸು. ಅವಳು ಮೂಲೆಯ ಕುರ್ಚಿಯಲ್ಲಿ ಕೂತು ಡಬ್ಬಿ ತೆರೆದಳು. ಹಾಗಾದರೆ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಡಿಪೋಗೆಲ್ಲ ಹರಡಿದೆ. ಮೇಸ್ತ್ರಿ ಬೆಣ್ಣೆಗೆ, ಬೆಣ್ಣೆ ಮೀಸೆಗೆ. ಒಂದು ವರ್ಷ ಕಿಟಕಿಯೊಳಗೆ ತಲೆ ತಗ್ಗಿಸಿ ಕೂತು ಬೆಣ್ಣೆ ಇದನ್ನೇ ಕಾಯುತ್ತಿದ್ದನೇ? ಏಳನೆಯವನೂ ಇದರಲ್ಲಿ ಸೇರಿದ್ದರೆ? ಗೇಟಿನಲ್ಲಿ ದಿನಾ ಚೀಟಿ ತೆಗೆದುಕೊಳ್ಳುವಾಗ ಇಬ್ಬರೂ ಏನೋ ಮಾತಾಡುತ್ತಿದ್ದುದನ್ನು ಅವಳು ಕಂಡಿದ್ದಳು. ನಾಳೆ ಅವನು ಬೇಕೆಂದೇ ಫೇಲಾಗಿ, ಮೇಡಂ ಹಾಳೆಯಲ್ಲಿ ಸೊನ್ನೆ ಬರೆದರು ಎಂದು ಡಿಪೋ ಸಾಹೇಬರ ಮುಂದೆ ನಿಂತರೆ? ಯೋಚನೆ ಎಷ್ಟು ಅಚ್ಚುಕಟ್ಟಾಗಿ ಕೂಡಿಕೊಂಡಿತೆಂದರೆ ಅವಳಿಗೇ ತುಸು ನಾಚಿಕೆಯಾಯಿತು. ನಲವತ್ತರ ಗಂಡಸು, ಕೆಲಸವೇ ಕೈತಪ್ಪಿ ಹೋಗುವಾಗ, ಬೆಣ್ಣೆಯ ಸೇಡಿಗಾಗಿ ಬೇಕೆಂದು ಫೇಲಾಗುತ್ತಾನೆಯೇ? ಆದರೂ ಅನುಮಾನವನ್ನು ಕೆಳಗಿಡಲು ಮನಸ್ಸು ಬರಲಿಲ್ಲ. ಅದನ್ನು ಕೆಳಗಿಟ್ಟರೆ ಕೈಯಲ್ಲಿ ಉಳಿಯುವುದು ಆ ಸವೆದ ರಬ್ಬರು.

ಊಟ ಅರ್ಧಕ್ಕೆ ಮುಚ್ಚಿ ಎದ್ದು ಶೆಡ್ಡಿಗೆ ಹೋದಳು. "ಒಂದು ಗಂಟೆ ಕಟ್ಟಿಕೊಡಿ," ಎಂದಳು.

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. "ಯಾವ ಬಸ್ಸಿಗೆ?"

"ಮೂರಕ್ಕೆ."

"ನಿಮಗಾ?"

"ನನಗೇ."

ಅವನು ನಗುತ್ತಾನೇನೋ ಎಂದು ಕಾದಳು. ನಗಲಿಲ್ಲ. ತಂತಿ, ಇಕ್ಕಳ ಹುಡುಕಿ, ಬಸ್ಸಿನೊಳಗೆ ಬಗ್ಗಿ ಕಟ್ಟಿ, ಎದ್ದು ಬಂದು, "ಗಟ್ಟಿ ಒತ್ತಬೇಕಂತಿಲ್ಲ, ಸ್ವಲ್ಪ ತಾಗಿದ್ರೂ ಕೂಗ್ತದೆ," ಎಂದ. ಅದು ಎಚ್ಚರಿಕೆಯೋ ಕರುಣೆಯೋ ಅವಳಿಗೆ ತಿಳಿಯಲಿಲ್ಲ. ಎರಡೂ ಬೇಕಿರಲಿಲ್ಲ.

ಮೊದಲ ಸಲ ಅದು ಕೂಗಿದ್ದು ವೃತ್ತದ ಹತ್ತಿರ. ಕಿಣಿ. ಅಷ್ಟು ಸಣ್ಣ ಸದ್ದು, ಯಾರೋ ಲೋಟಕ್ಕೆ ಚಮಚ ತಾಗಿಸಿದಂತೆ. "ನಿಲ್ಲಿಸು," ಎಂದಳು. "ಗಂಟೆ ಸಡಿಲ ಇದೆ." ಬಗ್ಗಿ ನೋಡಿದಳು. ಬಿಗಿಯಾಗಿತ್ತು. ಎರಡನೆಯದು ಆಸ್ಪತ್ರೆಯ ತಿರುವಿನಲ್ಲಿ. ಮೂರನೆಯದು, ನಾಲ್ಕನೆಯದು ಬೆನ್ನುಬೆನ್ನಿಗೆ, ಮುಂದೆ ಏನೂ ಇರಲಿಲ್ಲ, ಒಂದು ಸೈಕಲ್ಲು ಇತ್ತು, ಅದೂ ದೂರದಲ್ಲಿ. ಪ್ರತಿ ಸಲವೂ ಸದ್ದು ಮೊದಲು ಕೇಳುತ್ತಿತ್ತು, ತನ್ನ ಕಾಲು ಇಳಿದಿದೆ ಎನ್ನುವುದು ಆಮೇಲೆ ತಿಳಿಯುತ್ತಿತ್ತು. ಮುಖ ಗಂಟಿಕ್ಕಿಕೊಂಡು, ತುಟಿ ಬಿಗಿದುಕೊಂಡು, ಒಂದು ಸಲವೂ ಭೇಷ್ ಎನ್ನದೆ, ಮನೆ ಮಾತು ಕೇಳದೆ, ಅವನ ಟೀಯನ್ನೂ ಬೇಡವೆಂದು ಮೂವತ್ತು ದಿನ ಅವಳು ಕಾಪಾಡಿಕೊಂಡ ದೂರವನ್ನೆಲ್ಲ ಈ ಕಾಲು ಕೆಳಗಿನಿಂದ ದಾಟಿ ಹೋಗಿ ಅವನನ್ನು ಎತ್ತಿಕೊಳ್ಳುತ್ತಿತ್ತು. ಎತ್ತಿಕೊಂಡದ್ದು ಅವನನ್ನೇ? ಅಥವಾ ತನ್ನ ಕೈಕೆಳಗೆ ಕಲಿತವನು ತಪ್ಪಬಾರದು ಎನ್ನುವ ತನ್ನ ಹೆಸರನ್ನೇ? ನೀರಿನ ಟ್ಯಾಂಕಿನವರೆಗೆ ಹನ್ನೊಂದು ಸಲ ಕೂಗಿತು. ಅವಳು ಎಣಿಸಿದಳು. ಏಳನೆಯವನು ಕೇಳಿಸದವನಂತೆ ರಸ್ತೆ ನೋಡುತ್ತಿದ್ದ, ಆ ಮರ್ಯಾದೆ ಅವಳನ್ನು ಇನ್ನಷ್ಟು ಸಣ್ಣವಳನ್ನಾಗಿ ಮಾಡಿತು.

"ಹಿಂದಿನ ಅಂಗಳಕ್ಕೆ ತಗೋ," ಎಂದಳು.

ಡಿಪೋದ ಹಿಂದೆ ಒಂದು ಇಳಿಜಾರು, ಕೆಳಗೆ ಬಿಳಿ ಗೆರೆ, ಗೆರೆಯಾಚೆ ಒಂದು ಖಾಲಿ ಡ್ರಮ್ಮು, ಆಚೆಗೆ ಬಯಲು. ನಾಳೆಯ ಪರೀಕ್ಷೆಯಲ್ಲಿ ಮೊದಲನೆಯದು ಇದೇ. ಇವನು ಇಲ್ಲಿ ನೂರು ಸಲ ಗೆರೆಯ ಮೇಲೆ ಕೂದಲೆಳೆ ಆಚೀಚೆ ಆಗದಂತೆ ನಿಲ್ಲಿಸಿದ್ದ. ಅವಳು ಬೂಟು ಬಿಚ್ಚಿ, ಎರಡೂ ಕಾಲುಗಳನ್ನು ಮಡಚಿ ಸೀಟಿನ ಮೇಲೆ ಹಾಕಿಕೊಂಡು ಕೂತಳು. ಕೆಲಸದ ಜಾಗದಲ್ಲಿ ಹಾಗೆ ಕೂತದ್ದು ಅದೇ ಮೊದಲು. ಮನಸ್ಸಿನಲ್ಲೇ ದೇವರೇ ಎಂದಳು. "ಇಳಿಸು."

ಬಸ್ಸು ಇಳಿಯಿತು. ಅವಳು ಅವನ ಪಾದವನ್ನು ನೋಡಿದಳು. ಅದು ಸರಿಯಾದ ಹೊತ್ತಿಗೆ ಬ್ರೇಕಿನ ಮೇಲೆ ಬಂತು. ಬಂದು, ಅಲ್ಲಿ ನಿಂತಿತು. ಭಾರ ಬಿಡದೆ, ಬಾಗಿಲು ತಟ್ಟಿ ಹೊರಗೆ ನಿಂತವರ ಹಾಗೆ, ಕಾಯುತ್ತಿತ್ತು. ಗೆರೆ ಹತ್ತಿರವಾಯಿತು. ಅವಳ ತೊಡೆಯೊಳಗೆ ಏನೋ ಮೀನಿನಂತೆ ಹೊರಳಿತು, ಅವಳು ಎರಡೂ ಕೈಯಲ್ಲಿ ತನ್ನ ಕಾಲನ್ನು ಒತ್ತಿ ಹಿಡಿದಳು. ಪಾದ ಕಾಯುತ್ತಲೇ ಇತ್ತು. "ಒತ್ತೋ," ಎಂದು ಅವಳು ಕೂಗುವಷ್ಟರಲ್ಲಿ ಡ್ರಮ್ಮು ಬಸ್ಸಿನ ಮೂತಿಗೆ ತಾಗಿ ಹಾರಿ, ದೊಡ್ಡ ಸದ್ದು ಮಾಡುತ್ತ ಬಯಲಿನಲ್ಲಿ ಉರುಳಿಹೋಯಿತು. ಬಸ್ಸು ಗೆರೆಯಾಚೆ ಎರಡಾಳು ದೂರದಲ್ಲಿ ತಡವರಿಸಿ ನಿಂತಿತು. ಬಸ್ಸು ಖಾಲಿಯಿತ್ತು. ನಾಡಿದ್ದು ತುಂಬಿರುತ್ತದೆ.

ಏಳನೆಯವನು ಸ್ಟೇರಿಂಗ್ ಬಿಡಲಿಲ್ಲ. "ಕೋಪ ಬಂದಿದೆಯಾ ಮೇಡಮ್ನೋರೇ?" ಎಂದ.

"ಯಾಕೆ ಒತ್ತಲಿಲ್ಲ?"

"ನಿಮ್ದು ಬರ್ಲಿಲ್ಲ."

"ಏನು ಬರ್ಲಿಲ್ಲ?"

"ಕಾಲು." ಅವನು ಅವಳ ಬರಿಪಾದವನ್ನು ನೋಡಿ, ತಟ್ಟನೆ ದೃಷ್ಟಿ ಬೇರೆಡೆಗೆ ತಿರುಗಿಸಿದ. "ಹೊಲಿಗೆ ಮಿಷಿನ್ನಲ್ಲೂ ಹಾಗೇನೇ. ನಾವು ತುಳಿಯೋದಲ್ಲ, ಕಾಲಡಿಯ ತಟ್ಟೇನೇ ಕಾಲನ್ನ ಕರ್ಕೊಂಡು ಹೋಗ್ತದೆ. ಮೊದಮೊದಲು ನಿಮ್ಮ ಪಾದ ನೋಡ್ಕೊಂಡು ತುಳೀತಿದ್ದೆ. ಬೂಟು ಹಾಕ್ಕೊಂಡು ಬಂದ ಮೇಲೆ ನೋಡೋದು ಬಿಟ್ಟೆ, ನನ್ನ ಪೆಡಲು ತಾನಾಗಿ ಇಳಿಯೋದರಲ್ಲೇ ಗೊತ್ತಾಗ್ತಿತ್ತು. ನೀವು ಬಾಯಲ್ಲಿ ಬೈಯೋರಲ್ಲ, ಹೊಗಳೋರಲ್ಲ. ಕಾಲಲ್ಲಿ ಹೇಳ್ಕೊಡ್ತಾರೆ ಅಂದ್ಕೊಂಡೆ. ನಿಮಗಿಂತ ಮುಂಚೆ ಒತ್ತಿಬಿಟ್ರೆ ಅಧಿಕಪ್ರಸಂಗ ಆಗ್ತದೇನೋ ಅಂತ ಕಾಯ್ತಿದ್ದೆ."

ಆಫೀಸಿನಲ್ಲಿ ಏಳನೆಯವನ ಹಾಳೆಗಳ ಕಟ್ಟು ಮೇಜಿನ ಮೇಲಿತ್ತು. ಐದು ಗಂಟೆಗೆ ಸಾಹೇಬರಿಗೆ ಹೋಗಬೇಕು. ಕೆಳಗೆ ಎರಡೇ ಮಾತು, ಯೋಗ್ಯ, ಅಯೋಗ್ಯ. ಒಂದನ್ನು ಹೊಡೆದುಹಾಕಿ ಸಹಿ ಮಾಡಬೇಕು. ಅಯೋಗ್ಯ ಎಂದರೆ ಅವನ ಕಥೆ ಮುಗಿಯಿತು, ತನ್ನದು ಉಳಿಯಿತು. ಯಾರೂ ಏನೂ ಕೇಳುವುದಿಲ್ಲ. ವಯಸ್ಸಾಗಿತ್ತು, ಕಾಲು ಪಳಗಲಿಲ್ಲ ಎನ್ನುತ್ತಾರೆ. ಆಗಲೂ ಅವಳ ಅನುಮಾನ ಒಂದು ಕೊನೆಯ ಸಲ ಹೆಡೆ ಎತ್ತಿತು. ಈ ಮಿಷಿನ್ನಿನ ಕಥೆ, ಈ ಅಧಿಕಪ್ರಸಂಗದ ಮಾತು, ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ಹೇಗೆ? ಯಾರೋ ಹೇಳಿಕೊಟ್ಟದ್ದಲ್ಲವೇ? ಹೌದು ಎಂದು ಅವಳ ಮನಸ್ಸು ಹೇಳುವ ಮೊದಲೇ ಅವಳು ಮೇಜಿನ ಕೆಳಗೆ ನೋಡಿದಳು. ಎಡಗಾಲು ನೆಲವನ್ನು ಒತ್ತಿಕೊಂಡಿತ್ತು. ಯಾವುದನ್ನು ನಿಲ್ಲಿಸಲು?

ಪೆನ್ನು ತೆಗೆದುಕೊಂಡು ಮೊದಲ ದಿನದ ಸೊನ್ನೆಯನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ಎಷ್ಟೆಂದು ಬರೆಯಬೇಕು? ಹತ್ತೇ, ಇಪ್ಪತ್ತೇ? ಹೊಸ ಸುಳ್ಳು ಬರೆಯಲು ಕೈ ಬರಲಿಲ್ಲ. 'ಗೊತ್ತಾಗಲಿಲ್ಲ' ಎಂದು ಬರೆದಳು. ಎರಡನೆಯ ದಿನಕ್ಕೂ ಅದೇ. ಮೂರಕ್ಕೂ ಅದೇ. ಮೂವತ್ತು ಸಲ ಬರೆಯುವಷ್ಟರಲ್ಲಿ ಆ ಮಾತು ಬೆಣ್ಣೆಯದು ಎನ್ನುವುದು ಮೊದಲು ಚುಚ್ಚಿ, ಆಮೇಲೆ ಮರಗಟ್ಟಿ, ಕೊನೆಗೆ ಬರಿಯ ಅಕ್ಷರವಾಗಿತ್ತು. ಯೋಗ್ಯ, ಅಯೋಗ್ಯ ಎರಡನ್ನೂ ಹೊಡೆದು, 'ತರಬೇತಿ ರದ್ದು' ಎಂದು ಸಹಿ ಹಾಕಿ ಸಾಹೇಬರ ಮೇಜಿನ ಮೇಲಿಟ್ಟು ಬಂದಳು.

ಏಳನೆಯವನು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ಅವಳು ಹೇಳಿದಳು. ನಾಳೆ ಪರೀಕ್ಷೆ ಇಲ್ಲ, ಅದೇ ಅರ್ಜಿಯ ಮೇಲೆ ಮತ್ತೆ ಮೂವತ್ತು ದಿನ ಸಿಗುತ್ತದೆ, ಬೇರೆಯವರು ಕಲಿಸುತ್ತಾರೆ, ತಪ್ಪು ನಿನ್ನದಲ್ಲ, ನನ್ನ ಕಾಲಿನದು. ಅವನು ನಲ್ಲಿ ನಿಲ್ಲಿಸಿ ಕೇಳಿದ. ಕೃತಜ್ಞತೆ ಬರುತ್ತದೆ ಎಂದು ತಾನು ಕಾದಿದ್ದೆನೆನ್ನುವುದು ಅದು ಬಾರದಿದ್ದಾಗ ಅವಳಿಗೆ ತಿಳಿಯಿತು.

"ಹಾಗಾದ್ರೆ ಇಷ್ಟು ದಿನ ಬಸ್ಸು ಓಡಿಸಿದ್ದು ಯಾರು?" ಎಂದ.

ಅವಳು ಇನ್ನೂ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿಮಾಡಿದಳು.

"ನಾನು ನಿಲ್ಲಿಸಿದ್ರೆ ತಟ್ಟೆ ಮೇಲಿನ ಲೋಟದಲ್ಲಿ ನೀರು ಅಲುಗಲ್ಲ ಅಂತ ಮನೆಯವಳ ಹತ್ರ ಹೇಳ್ಕೊಂಡಿದ್ದೆ. ದಿನಾ ಹೇಳ್ತಿದ್ದೆ."

"ಅವಳ ಕೈ ಹೇಗಿದೆ?" ಎಂದಳು ಅವಳು. ಮಣಿಕಟ್ಟು ಎನ್ನುವಲ್ಲಿ ನಿಲ್ಲಿಸಿದ್ದ ಆ ಮಾತು ಇಷ್ಟು ದಿನ ತನ್ನೊಳಗೆ ಎಲ್ಲೋ ಕೂತಿತ್ತೆಂಬುದು ಅವಳಿಗೇ ಆಶ್ಚರ್ಯ.

ಅವನು ಅವಳ ಮುಖವನ್ನು, ಆಮೇಲೆ ಅವಳ ಕಾಲನ್ನು ನೋಡಿದ. ಕಣ್ಣಿನಲ್ಲಿ ಅವಳು ದಿನಾ ಕನ್ನಡಿಯಲ್ಲಿ ನೋಡುವಂಥದೇ ಒಂದು ಅಳತೆ ಇತ್ತು. "ಈಗ್ಯಾಕೆ ಕೇಳ್ತಿದೀರಿ ಮೇಡಮ್ನೋರೇ?" ಎಂದು, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಹೊರಟ.

ಗೇಟಿನ ಕಿಟಕಿಯಲ್ಲಿ ಬೆಣ್ಣೆ ಹೊರಹೋಗುವ ಚೀಟಿ ಹರಿದುಕೊಟ್ಟ. ಅವಳು ಕದಲಲಿಲ್ಲ. "ನಿನಗೆ ಆವತ್ತು ನಿಜವಾಗಿಯೂ ಗೊತ್ತಾಗಲಿಲ್ಲ, ಅಲ್ವಾ?" ಬೆಣ್ಣೆ ತಲೆ ಎತ್ತಿದ, ಒಂದು ವರ್ಷದಲ್ಲಿ ಮೊದಲ ಸಲ ಅವನ ಮುಖ ಪೂರ್ತಿ ಕಂಡಿತು, ಅದರಲ್ಲಿ ಸೇಡೂ ಇರಲಿಲ್ಲ, ಕರಗುವುದೂ ಇರಲಿಲ್ಲ. ಅವಳ ಹಿಂದೆ ಯಾರಾದರೂ ನಿಂತು ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ಕತ್ತು ಚಾಚಿ ನೋಡಿದ. "ಯಾವುದು ಮೇಡಂ?" ಎಂದ. ಆಮೇಲೆ ಚೀಟಿಯ ಮೇಲೆ ಬೆರಳಿಟ್ಟು, "ಟೈಮು ಬರೀರಿ, ಇಲ್ಲಿ," ಎಂದ.

ಮನೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟೇ ಸಿಕ್ಕಿತು. ಚಾಲಕ ಎಳೆಯವನು, ತನ್ನ ವಿಭಾಗದಲ್ಲಿ ಕಲಿತವನೇ ಇರಬೇಕು, ಯಾರ ಬಸ್ಸಿನಲ್ಲಿ ಕಲಿತನೋ. ಅವಳು ಅವನ ಕತ್ತನ್ನೇ ನೋಡುತ್ತ ಕೂತಳು. ಪಕ್ಕದಲ್ಲಿ ಮಡಿಲ ತುಂಬ ಚೀಲ ಇಟ್ಟುಕೊಂಡ ಅಜ್ಜಿ. ಸಿಗ್ನಲ್ಲು ಕೆಂಪಾಯಿತು. ಚಾಲಕ ಒತ್ತಲಿಲ್ಲ, ಇನ್ನೂ ಒತ್ತಲಿಲ್ಲ, ಅವಳ ಎಡಗಾಲು ತಗಡಿನ ನೆಲವನ್ನು ಬಲವಾಗಿ ತುಳಿಯಿತು. ಅಲ್ಲಿ ಏನೂ ಇರಲಿಲ್ಲ. ಬಸ್ಸು ಒಂದು ಸಣ್ಣ ಜಗ್ಗಿನೊಂದಿಗೆ ನಿಂತಿತು. ಅಜ್ಜಿಯ ಚೀಲ ಜಾರಿತು, ಯಾರೋ ಹಿಂದೆ ಗೊಣಗಿದರು.

ಅಜ್ಜಿ ಅವಳ ಕಾಲು ನೋಡಿ ನಕ್ಕಳು. "ನಂಗೂ ಹಾಗೇ ಆಗ್ತದೆ ತಾಯಿ. ನಾವು ತುಳಿದ್ರೇ ನಿಲ್ತದೆ ಅನ್ನೋ ಹಾಗೆ."

ಅವಳೂ ನಗಬೇಕೆಂದುಕೊಂಡಳು. ಕಾಲನ್ನು ಮೆಲ್ಲಗೆ ಎತ್ತಿ ಸೀಟಿನ ಕೆಳಗೆ ಎಳೆದುಕೊಂಡಳು. ಹಸಿರಾಯಿತು, ಬಸ್ಸು ಹೊರಟಿತು, ಮುಂದೆ ಇನ್ನೊಂದು ತಿರುವು ಕಾಣಿಸಿತು. ಎಳೆಯವನ ಕತ್ತು ತಿರುವಿನತ್ತ ತುಸು ವಾಲಿತು. ಅವಳು ಕಣ್ಣು ಮುಚ್ಚಿಕೊಂಡು ಕಾದಳು.